ಹೊತ್ತು ತಂದ ನೀರಿನ ತೋಟ

ಪ್ರತಿ ವರ್ಷ ಸೆಪ್ಟೆಂಬರ್ ಬಂತೆಂದರೆ ನಮ್ಮಂಥ ಸ್ಟ್ರಿಂಗರ್‌ಗಳ ಮೊಬೈಲಿಗೆ ತೋಟದ ಫೋಟೊಗಳು ಬಂದು ಬೀಳುತ್ತವೆ. ಪೋಷಣ್ ಮಾಸಾಚರಣೆ. ಅಂಗನವಾಡಿ ಅಂಗಳದಲ್ಲಿ ನಾಲ್ಕು ನುಗ್ಗೆ ಸಸಿ, ಒಂದು ಪಪ್ಪಾಯಿ, ಪಕ್ಕದಲ್ಲಿ ಅಧಿಕಾರಿಗಳು, ಹಿಂದೆ ಬ್ಯಾನರ್. ನಾವು ಅದನ್ನು ನೂರು ಪದಕ್ಕೆ ಇಳಿಸಿ ಕಳಿಸುತ್ತೇವೆ, ಡೆಸ್ಕಿನವರು ಅರವತ್ತಕ್ಕೆ ಇಳಿಸಿ ಹಾಕುತ್ತಾರೆ. ಆ ಸಸಿ ಡಿಸೆಂಬರಿನಲ್ಲಿ ಬದುಕಿದೆಯೇ ಎಂಬ ವರದಿಗೆ ಪುಟದಲ್ಲಿ ಜಾಗ ಸಿಗುವುದಿಲ್ಲ. ಡಿಸೆಂಬರಿಗೆ ಬೇರೆ ಆಚರಣೆಗಳಿರುತ್ತವೆ.

ಹಾಗಾಗಿ ‘ತೋಟ’, ‘ಆರೋಗ್ಯ’ ಎಂಬ ಎರಡು ಪದ ಒಂದೇ ಸಾಲಿನಲ್ಲಿ ಕಂಡರೆ ನಮಗೆ ಮೊದಲು ಬರುವುದು ಅನುಮಾನ. ಅಮೆರಿಕದ ನವಾಹೋ ಜನರ ಸಮುದಾಯ ತೋಟಗಳ ಬಗ್ಗೆ ನಾವು ಓದಲು ಕೂತದ್ದೂ ತೋಟಕ್ಕಾಗಿ ಅಲ್ಲ, ಯುರೇನಿಯಂಗಾಗಿ. ನಮ್ಮದು ಯಾದಗಿರಿ ಜಿಲ್ಲೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಇದೆ. ಅದನ್ನು ತೆಗೆಯುವ ಮಾತು ಬಂದಾಗಲೆಲ್ಲ ಊರವರು ಬಾವಿ ನೀರಿನ ಪ್ರಶ್ನೆ ಎತ್ತುತ್ತಾರೆ. ‘ತೆಗೆದರೆ ಏನಾಗುತ್ತದೆ’ ಎಂಬುದಕ್ಕೆ ಪರ ವಿರೋಧದ ಭಾಷಣಗಳು ಬೇಕಾದಷ್ಟಿವೆ. ತೆಗೆದು ಮುಗಿಸಿ, ಕಂಪನಿಗಳು ಎದ್ದು ಹೋಗಿ, ಮೂರು ತಲೆಮಾರು ಅದೇ ನೆಲದಲ್ಲಿ ಬದುಕುತ್ತಿರುವವರು ಯಾರು ಎಂದು ಹುಡುಕಿದರೆ ಮೊದಲು ಸಿಗುವ ಹೆಸರೇ ನವಾಹೋ. ಗಣಿಯ ಬಗ್ಗೆ ಓದುತ್ತ ಓದುತ್ತ ಕುಂಬಳಬಳ್ಳಿಯ ಹತ್ತಿರ ಬಂದು ನಿಂತೆವು.

ನವಾಹೋ ಎನ್ನುವುದು ಹೊರಗಿನವರು ಇಟ್ಟ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವುದು ಡಿನೆ ಎಂದು. ಹಾಗೆಂದರೆ ‘ಜನ’ ಅಷ್ಟೇ. ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ಈ ಮೂರು ರಾಜ್ಯಗಳಲ್ಲಿ ಚಾಚಿಕೊಂಡ ಅವರ ನಾಡು ಸುಮಾರು 71 ಸಾವಿರ ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅಷ್ಟು ದೊಡ್ಡ ನೆಲದಲ್ಲಿ 2020ರ ಜನಗಣತಿಯಂತೆ ಇರುವವರು 1 ಲಕ್ಷ 65 ಸಾವಿರ ಜನ. ಯಾದಗಿರಿ ಎಂಬ ಸಣ್ಣ ಜಿಲ್ಲೆಯಲ್ಲೇ 2011ರಲ್ಲಿ 11 ಲಕ್ಷಕ್ಕೂ ಮೇಲೆ ಇದ್ದೆವು. ಅವರಿಗೆ ತಮ್ಮದೇ ಅಧ್ಯಕ್ಷ, ಶಾಸನಸಭೆ, ನ್ಯಾಯಾಲಯ, ಪೊಲೀಸ್ ಇದ್ದಾರೆ. ಕೆಳಗಡೆ 110 ‘ಚಾಪ್ಟರ್’ಗಳಿವೆ. ಗ್ರಾಮ ಪಂಚಾಯಿತಿ ಮತ್ತು ಗ್ರಾಮಸಭೆ ಎರಡನ್ನೂ ಸೇರಿಸಿ ಒಂದು ಮಾಡಿದರೆ ಹೇಗಿರುತ್ತದೋ ಹಾಗೆ. ಚಾಪ್ಟರ್ ಮನೆಯಲ್ಲಿ ಜನ ಸೇರಿ ಕೈ ಎತ್ತಿ ಮತ ಹಾಕುತ್ತಾರೆ.

ಈ ನಾಡಿನ ದೊಡ್ಡ ಕಿರಾಣಿ ಮಾರುಕಟ್ಟೆಗಳ ಸಂಖ್ಯೆಯನ್ನು ಅಲ್ಲಿನ ಪತ್ರಿಕೆಗಳು ಸಾಮಾನ್ಯವಾಗಿ 13 ಎಂದು ಬರೆಯುತ್ತವೆ. ಕರ್ನಾಟಕದ ಮೂರನೇ ಒಂದು ಭಾಗಕ್ಕೆ ಹದಿಮೂರು ಅಂಗಡಿ. ಉಳಿದದ್ದೆಲ್ಲ ಪೆಟ್ರೋಲ್ ಬಂಕಿನ ಪಕ್ಕದ ಸಣ್ಣ ಮಳಿಗೆಗಳು. ಅಲ್ಲಿ ತಂಪು ಪಾನೀಯ, ಚಿಪ್ಸ್, ಡಬ್ಬಿ ಮಾಂಸ ಸಿಗುತ್ತದೆ, ಸೊಪ್ಪು ಸಿಗುವುದಿಲ್ಲ. ಟೊಮೆಟೊ ತರಲು ಹೋಗಿ ಬರುವಷ್ಟರಲ್ಲಿ ನೂರಾರು ಕಿಲೋಮೀಟರ್ ಆಗುವ ಮನೆಗಳಿವೆ. ನಮ್ಮ ಎಷ್ಟೇ ಮೂಲೆಯ ಹಳ್ಳಿಯಾದರೂ ವಾರದ ಸಂತೆಗೆ ಟಂಟಂ ಹತ್ತಿದರೆ ತಾಸಿನೊಳಗೆ ಮೆಂತ್ಯ, ಹುಣಚಿಕ, ಬದನೆ ಕೈಗೆ ಬರುತ್ತವೆ. ಸಂತೆಯನ್ನು ನಾವು ಎಂದೂ ಆರೋಗ್ಯ ಇಲಾಖೆಯ ಆಸ್ತಿ ಎಂದು ಯೋಚಿಸಿದವರಲ್ಲ. ಸಂತೆಯೇ ಇಲ್ಲದ ನಾಡನ್ನು ಓದಿದ ಮೇಲೆ ಹಾಗೆ ಅನ್ನಿಸಿತು.

ಅವರಲ್ಲಿ ಸಕ್ಕರೆ ಕಾಯಿಲೆ ಮನೆಮನೆಯಲ್ಲಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಆಸ್ಪತ್ರೆ ದಾಖಲೆಗಳಲ್ಲಿ ಅದು ಅಪರೂಪದ ರೋಗ. ಹಾಗಾದರೆ ನಡುವೆ ಏನಾಯಿತು?

1863ರಲ್ಲಿ ಅಮೆರಿಕದ ಸೈನ್ಯ ಕಿಟ್ ಕಾರ್ಸನ್‌ನ ನಾಯಕತ್ವದಲ್ಲಿ ಡಿನೆ ನಾಡಿಗೆ ನುಗ್ಗಿತು. ಯುದ್ಧ ಮಾಡಿದ್ದಕ್ಕಿಂತ ಹೊಲ ಸುಟ್ಟದ್ದೇ ಹೆಚ್ಚು. ಜೋಳದ ಬೆಳೆ, ಕಣಜ, ಕುರಿ ಹಿಂಡು ಯಾವುದನ್ನೂ ಬಿಡಲಿಲ್ಲ. 1864ರಲ್ಲಿ ಕ್ಯಾನ್ಯನ್ ಡಿ ಶೇ ಎಂಬ ಕೊಳ್ಳದಲ್ಲಿದ್ದ ಸಾವಿರಾರು ಪೀಚ್ ಹಣ್ಣಿನ ಮರಗಳನ್ನು ಸೈನಿಕರು ಕಡಿದು ಹಾಕಿದರು. ಜನರನ್ನು ಕೊಲ್ಲಲು ಗುಂಡು ಬೇಕು, ಬಗ್ಗಿಸಲು ತೋಟ ಕಡಿದರೆ ಸಾಕು ಎಂದು ಅವರಿಗೆ ಗೊತ್ತಿತ್ತು. ಹಸಿದ ಜನ ಶರಣಾದರು. ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ನೂರಾರು ಕಿಲೋಮೀಟರ್ ನಡೆಸಿಕೊಂಡು ನ್ಯೂ ಮೆಕ್ಸಿಕೊದ ಬಾಸ್ಕ್ ರೆಡೊಂಡೊ ಎಂಬ ಬಯಲಿನಲ್ಲಿ ಕೂಡಿಹಾಕಲಾಯಿತು. ಅಲ್ಲಿ ಬೇಸಾಯ ಮಾಡಿ ಎಂದರು. ಪೆಕೋಸ್ ನದಿಯ ನೀರು ಸವಳು, ಬೆಳೆಗೆ ಹುಳು ಬಿತ್ತು, ವರ್ಷದ ಮೇಲೆ ವರ್ಷ ಫಸಲು ಕೈಗೆ ಬರಲಿಲ್ಲ. ಸರ್ಕಾರ ಕೊಟ್ಟ ರೇಷನ್‌ನಲ್ಲಿ ಬದುಕಬೇಕಾಯಿತು: ಬಿಳಿ ಗೋಧಿ ಹಿಟ್ಟು, ಹಂದಿಯ ಕೊಬ್ಬು, ಸಕ್ಕರೆ, ಕಾಫಿ. ಹಿಟ್ಟನ್ನು ನಾದಿ ಕೊಬ್ಬಿನಲ್ಲಿ ಕರಿದ ‘ಫ್ರೈ ಬ್ರೆಡ್’ ಹುಟ್ಟಿದ್ದು ಆ ರೇಷನ್ನಿನಿಂದ ಎಂದು ಡಿನೆ ಜನ ಹೇಳುತ್ತಾರೆ. ನೋಡಲು ನಮ್ಮ ದೊಡ್ಡ ಪೂರಿಯ ಹಾಗೆ. ಇಂದು ಜಾತ್ರೆಗಳಲ್ಲಿ, ಮನೆಯ ಹಬ್ಬಗಳಲ್ಲಿ ಅದಿಲ್ಲದೆ ಆಗುವುದಿಲ್ಲ. ಅಜ್ಜಿಯರನ್ನು ಬದುಕಿಸಿದ ರೊಟ್ಟಿ, ಮೊಮ್ಮಕ್ಕಳಿಗೆ ಶುಗರ್ ತಂದ ರೊಟ್ಟಿ, ಎರಡೂ ಅದೇ ಎಂಬ ಜಗಳ ಅವರೊಳಗೇ ಇನ್ನೂ ಮುಗಿದಿಲ್ಲ. ನಮಗೆ ಆ ಜಗಳ ಅರ್ಥವಾಗುತ್ತದೆ. ರೇಷನ್ ಅಕ್ಕಿ ಬಂದ ಮೇಲೆ ನಮ್ಮ ಕಡೆ ಜೋಳದ ರೊಟ್ಟಿ ಕಡಿಮೆಯಾಯಿತು ಎಂದು ಪೇಟೆಯ ಪೌಷ್ಟಿಕ ತಜ್ಞರು ಬೇಸರಪಟ್ಟುಕೊಳ್ಳುತ್ತಾರೆ. ಬರಗಾಲದಲ್ಲಿ ಗುಳೆ ಹೋದ ಮನೆಗಳಲ್ಲಿ ಬೆಳೆದ ನಾವು ಅಕ್ಕಿಯನ್ನು ಅಷ್ಟು ಸುಲಭವಾಗಿ ಬೈಯಲಾರೆವು.

1868ರ ಜೂನ್ 1ರಂದು ಒಪ್ಪಂದವಾಗಿ ಅವರು ಊರಿಗೆ ಮರಳಿದರು. ಒಪ್ಪಂದದಲ್ಲಿ ಬೇಸಾಯ ಮಾಡುವ ಪ್ರತಿ ಕುಟುಂಬಕ್ಕೆ ಮೊದಲ ವರ್ಷ 100 ಡಾಲರ್ ಮೀರದಷ್ಟು ಬೀಜ ಮತ್ತು ಸಲಕರಣೆ, ಮುಂದೆ 25 ಡಾಲರ್‌ನದು, ಜೊತೆಗೆ ಇಡೀ ಜನಾಂಗಕ್ಕೆ 15,000 ಕುರಿ ಮೇಕೆ ಎಂದು ಬರೆದಿದೆ. ಆ ಕುರಿಗಳನ್ನು ಅವರು ಎಷ್ಟು ಚೆನ್ನಾಗಿ ಸಾಕಿದರೆಂದರೆ 1930ರ ದಶಕದಲ್ಲಿ ಸರ್ಕಾರವೇ ಬಂದು, ಮೇವಿನ ನೆಲ ಸವೆಯುತ್ತಿದೆ, ಮಣ್ಣು ಕೊಚ್ಚಿಹೋಗಿ ಹೂವರ್ ಅಣೆಕಟ್ಟೆಯಲ್ಲಿ ಹೂಳು ತುಂಬುತ್ತದೆ ಎಂದು ಹೇಳಿ, ಹಿಂಡುಗಳನ್ನು ಬಲವಂತವಾಗಿ ಕಡಿಮೆ ಮಾಡಿತು. ಮಾರಲಾಗದ ಕಡೆ ಗುಂಡು ಹೊಡೆದು ಕೊಂದರು. ಸಾಲದ್ದಕ್ಕೆ ಮಕ್ಕಳು ದೂರದ ವಸತಿ ಶಾಲೆಗಳಲ್ಲಿ. ಯಾವ ಕಾಳನ್ನು ಎಷ್ಟು ಆಳಕ್ಕೆ ಊರಬೇಕು ಎಂದು ಅಜ್ಜನಿಂದ ಕಲಿಯುವ ವಯಸ್ಸಿನ ಹುಡುಗ ಅಜ್ಜನ ಹತ್ತಿರ ಇರಲಿಲ್ಲ.

ಆಮೇಲೆ ಯುರೇನಿಯಂ. 1944ರಿಂದ 1986ರವರೆಗೆ ಡಿನೆ ನೆಲದಿಂದ ಸುಮಾರು 3 ಕೋಟಿ ಟನ್ ಅದಿರು ತೆಗೆದರು. ಗಣಿಯಲ್ಲಿ ಇಳಿದು ದುಡಿದವರು ಡಿನೆ ಗಂಡಸರು. ಆ ಧೂಳು ಏನು ಮಾಡುತ್ತದೆ ಎಂದು ಅವರಿಗೆ ಹೇಳಿದವರಿಲ್ಲ. ಬಿಟ್ಟುಹೋದ ಗಣಿಗಳು 500ಕ್ಕೂ ಹೆಚ್ಚು ಇವೆ. 1979ರ ಜುಲೈ 16ರಂದು ಚರ್ಚ್ ರಾಕ್ ಎಂಬಲ್ಲಿ ಗಣಿ ತ್ಯಾಜ್ಯದ ಕಟ್ಟೆ ಒಡೆದು 35 ಕೋಟಿ ಲೀಟರಿನಷ್ಟು ವಿಕಿರಣ ಬೆರೆತ ನೀರು ಪುರ್ಕೊ ನದಿಗೆ ಹರಿಯಿತು. ಕೆಲವು ಬಾವಿಗಳಲ್ಲಿ ಇಂದಿಗೂ ಯುರೇನಿಯಂ, ಆರ್ಸೆನಿಕ್ ಮಿತಿ ಮೀರಿದೆ. ಸುಮಾರು ಮೂರರಲ್ಲಿ ಒಂದು ಮನೆಗೆ ನಲ್ಲಿ ನೀರಿಲ್ಲ. ಪಿಕಪ್ ಗಾಡಿಯ ಹಿಂದೆ ಟ್ಯಾಂಕ್ ಕಟ್ಟಿಕೊಂಡು ಹೋಗಿ ದೂರದ ಸಾರ್ವಜನಿಕ ನಲ್ಲಿಯಿಂದ ತುಂಬಿಕೊಂಡು ಬರುತ್ತಾರೆ. ಮಳೆ ಬಹುಭಾಗದಲ್ಲಿ ವರ್ಷಕ್ಕೆ 15ರಿಂದ 30 ಸೆಂಟಿಮೀಟರ್. ಬರಪೀಡಿತ ಎಂದು ಸರ್ಕಾರಿ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ನಮ್ಮ ಜಿಲ್ಲೆಗೆ ಅದರ ದುಪ್ಪಟ್ಟಾದರೂ ಬೀಳುತ್ತದೆ.

ಇಷ್ಟೆಲ್ಲ ಓದಿದ ಮೇಲೆ ನಮಗೆ ಬಂದ ಪ್ರಶ್ನೆ: ಇಲ್ಲಿ ತೋಟ ಮಾಡಿ ಎಂದು ಹೇಳುವ ಧೈರ್ಯ ಯಾರಿಗಿದೆ?

ಹೇಳಿದವರು ಹೊರಗಿನವರಲ್ಲ ಎನ್ನುವುದೇ ಇದನ್ನು ಬರೆಯಲು ಕಾರಣ. ‘ಡಿನೆ ಕಮ್ಯುನಿಟಿ ಅಡ್ವೊಕಸಿ ಅಲಯನ್ಸ್’ ಎಂಬ ಹೆಸರಿನಲ್ಲಿ ಕೆಲವರು, ಹೆಚ್ಚಾಗಿ ಊರೂರುಗಳಲ್ಲಿ ಆರೋಗ್ಯದ ಕೆಲಸ ಮಾಡುತ್ತಿದ್ದವರು, ಸೇರಿಕೊಂಡು ತಮ್ಮದೇ ಶಾಸನಸಭೆಯ ಬೆನ್ನು ಹತ್ತಿದರು. ಕೇಳಿದ್ದು ಎರಡು. ತಾಜಾ ಹಣ್ಣು ತರಕಾರಿಯ ಮೇಲಿನ ತೆರಿಗೆ ತೆಗೆಯಿರಿ. ಜಂಕ್ ತಿಂಡಿ, ಸಿಹಿ ಪಾನೀಯಗಳ ಮೇಲೆ ಹೆಚ್ಚುವರಿ ಶೇ 2ರಷ್ಟು ತೆರಿಗೆ ಹಾಕಿ, ಆ ಹಣವನ್ನು ಚಾಪ್ಟರ್‌ಗಳಿಗೆ ಕೊಡಿ. ಆಗಿನ ಅಧ್ಯಕ್ಷ ಬೆನ್ ಶೆಲ್ಲಿ ಮೊದಲು ತಡೆದರು. ಇವರು ಬಿಡಲಿಲ್ಲ. 2014ರ ನವೆಂಬರಿನಲ್ಲಿ ಅದೇ ಅಧ್ಯಕ್ಷರು ಸಹಿ ಹಾಕಿದರು, 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಜಂಕ್ ತಿಂಡಿಗೆ ಇಂಥ ತೆರಿಗೆ ಅಮೆರಿಕದಲ್ಲೇ ಮೊದಲು. ಮೊದಲ ನಾಲ್ಕು ವರ್ಷಗಳಲ್ಲಿ ಬಂದದ್ದು 75 ಲಕ್ಷ 80 ಸಾವಿರ ಡಾಲರ್. ಖರ್ಚು ವೆಚ್ಚ ಕಳೆಯದೆ 110 ಚಾಪ್ಟರ್‌ಗಳಿಗೆ ಸಮನಾಗಿ ಹಂಚಿದರೆ ವರ್ಷಕ್ಕೆ ಒಂದೊಂದಕ್ಕೆ ಹದಿನೇಳು ಸಾವಿರ ಚಿಲ್ಲರೆ. ಅಮೆರಿಕದ ಲೆಕ್ಕದಲ್ಲಿ ಇದು ದೊಡ್ಡ ಹಣವಲ್ಲ. ಆದರೆ ಅದನ್ನು ಯಾವುದಕ್ಕೆ ಬಳಸಬೇಕು ಎಂದು ಚಾಪ್ಟರ್ ಮನೆಯಲ್ಲಿ ಕೂತವರೇ ತೀರ್ಮಾನಿಸುತ್ತಾರೆ. ಕೆಲವರು ನಡಿಗೆ ದಾರಿ ಮಾಡಿಸಿದರು, ಕೆಲವರು ಅಡುಗೆ ತರಗತಿ ನಡೆಸಿದರು, ಕೆಲವರು ಸಮುದಾಯ ತೋಟ, ಹಸಿರುಮನೆ, ರೈತರ ಸಂತೆ. 2020ರ ಕೊನೆಗೆ ಕಾನೂನಿನ ಅವಧಿ ಮುಗಿಯಬೇಕಿತ್ತು, ಮತ್ತೆ ನವೀಕರಿಸಿದರು.

ಇಲ್ಲಿ ನಮ್ಮ ಅಭಿಪ್ರಾಯ ಸ್ವಲ್ಪ ಹೇಳಬೇಕು. ಬಡವರು ತಿನ್ನುವ ಅಗ್ಗದ ತಿಂಡಿಗೆ ತೆರಿಗೆ ಹಾಕುವುದು ನಮಗೆ ಸುಲಭಕ್ಕೆ ಇಷ್ಟವಾಗುವ ವಿಚಾರವಲ್ಲ. ತರಕಾರಿ ನೂರು ಕಿಲೋಮೀಟರ್ ದೂರ ಇಟ್ಟು ಚಿಪ್ಸ್‌ಗೆ ದಂಡ ಹಾಕಿದರೆ ಅದು ಶಿಕ್ಷೆಯೇ. ಆದರೆ ಶೇ 2 ಎಂದರೆ ಒಂದು ಡಾಲರಿಗೆ ಎರಡು ಸೆಂಟು, ಮತ್ತು ಆ ಎರಡು ಸೆಂಟು ಅದೇ ಊರಿನ ಚಾಪ್ಟರ್ ಮನೆಗೆ ಲೆಕ್ಕದ ಸಮೇತ ವಾಪಸು ಬರುತ್ತದೆ. ನಮ್ಮಲ್ಲಿ ಕಟ್ಟಿದ ಸೆಸ್ ಎಲ್ಲಿ ಹೋಯಿತು ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಬೇಕು.

ತೋಟದಿಂದ ನಿಜವಾಗಿ ಆರೋಗ್ಯ ಸುಧಾರಿಸುತ್ತದೆಯೇ ಎಂದು ಅಳೆಯುವ ಕೆಲಸವೂ ನಡೆದಿದೆ. ‘ಯೇಗೊ ಗಾರ್ಡನಿಂಗ್’ ಎಂದು ಅದರ ಹೆಸರು. ಯೇಗೊ ಎಂದರೆ ಡಿನೆ ಭಾಷೆಯಲ್ಲಿ ಮೈಬಗ್ಗಿಸಿ, ಜೋರಾಗಿ ಮಾಡು ಎಂದು ಹುರಿದುಂಬಿಸುವ ಮಾತು. ನಮ್ಮಲ್ಲಿ ಕಣದಲ್ಲಿ ‘ಹಚ್ರಿ ಜೋರ’ ಅನ್ನುವ ಹಾಗೆ. ಡಿನೆ ಕಾಲೇಜು, ನ್ಯೂ ಮೆಕ್ಸಿಕೊ ಸ್ಟೇಟ್ ವಿಶ್ವವಿದ್ಯಾಲಯ, ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಕೇಂದ್ರದವರು ಸೇರಿ ಮಾಡಿದ್ದು. ಸಂಶೋಧಕರಲ್ಲಿ ಒಬ್ಬರ ಹೆಸರು ಇಂಡಿಯಾ ಒರ್ನೆಲಾಸ್. ‘ಇಂಡಿಯನ್’ ಎಂದು ತಪ್ಪಾಗಿ ಕರೆಸಿಕೊಂಡ ಜನರ ನಡುವೆ ನಿಜವಾದ ಇಂಡಿಯಾ ಒಬ್ಬರು ಕೆಲಸ ಮಾಡಿದ್ದು ಓದಿ ನಮಗೆ ನಗು ಬಂತು. ಊರಲ್ಲಿ ಸಮುದಾಯ ತೋಟ ಕಟ್ಟುವುದು, ಬೇಸಾಯ ಮತ್ತು ಅಡುಗೆ ಎರಡರ ಕಾರ್ಯಾಗಾರ ನಡೆಸುವುದು, ಊರಿನ ಸಭೆ ಸಮಾರಂಭಗಳಲ್ಲಿ ಪ್ರಚಾರ ಮಾಡುವುದು, ಇವು ಮೂರೂ ಒಟ್ಟಿಗೆ. ಮುಂದೆ ಇದನ್ನೇ ಮೂರನೇ ಮತ್ತು ನಾಲ್ಕನೇ ತರಗತಿಯ ಮಕ್ಕಳಿಗೆ ಶಾಲಾ ತೋಟದ ರೂಪದಲ್ಲಿ ಒಯ್ದರು.

ಇದಕ್ಕೂ ಮೊದಲು ಅವರು ಊರ ಜನರನ್ನು ಗುಂಪು ಗುಂಪಾಗಿ ಕೂರಿಸಿ ಮಾತಾಡಿಸಿದ್ದರು: ತೋಟ ಮಾಡಲು ಅಡ್ಡಿ ಏನು? ಜನ ಹೇಳಿದ್ದು ನೀರು, ದೂರ, ಸಮಯ, ಹೇಗೆ ಮಾಡಬೇಕೆಂಬ ತಿಳಿವಳಿಕೆ ತಪ್ಪಿಹೋಗಿರುವುದು. ಇಷ್ಟಕ್ಕೇ ಮುಗಿಯುವುದಿಲ್ಲ. ನೆಲ ಸಂಯುಕ್ತ ಸರ್ಕಾರದ ಟ್ರಸ್ಟಿನಲ್ಲಿದೆ. ಮನೆ ಕಟ್ಟಲು ಒಂದು ಗುತ್ತಿಗೆ, ಕುರಿ ಮೇಯಿಸಲು ಇನ್ನೊಂದು ಪರವಾನಗಿ, ಬೇಸಾಯಕ್ಕೆ ಮತ್ತೊಂದು. ಪರವಾನಗಿ ಅಜ್ಜನ ಹೆಸರಲ್ಲಿ, ಅಜ್ಜನಿಗೆ ಕೈಲಾಗುವುದಿಲ್ಲ, ಮೊಮ್ಮಗನಿಗೆ ಹಕ್ಕಿಲ್ಲ. ಪಹಣಿಯಲ್ಲಿ ಸತ್ತವರ ಹೆಸರು ಇರುವ ನಮ್ಮ ಹಳ್ಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಿಚಿತ್ರ. ಇದೇ ನಾಡಿನಲ್ಲಿ, ಫಾರ್ಮಿಂಗ್‌ಟನ್ ಹತ್ತಿರ, ನವಾಹೋ ರಾಷ್ಟ್ರದ್ದೇ ಆದ ಭಾರೀ ಕೃಷಿ ಕಂಪನಿ ಇದೆ. 1970ರಲ್ಲಿ ಶುರುವಾದದ್ದು. ಸ್ಯಾನ್ ಹುವಾನ್ ನದಿಯಿಂದ 1,10,630 ಎಕರೆಗೆ ನೀರು ಕೊಡುವ ಯೋಜನೆಗೆ 1962ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಅದು ಇನ್ನೂ ಪೂರ್ತಿಯಾಗಿಲ್ಲ. ವೃತ್ತಾಕಾರದ ಹೊಲಗಳಲ್ಲಿ ಆಲೂಗಡ್ಡೆ, ಕುದುರೆ ಮಸಾಲೆ ಸೊಪ್ಪು, ಗೋವಿನಜೋಳ ಬೆಳೆದು ಬಹುಪಾಲು ಹೊರಗಿನ ಮಾರುಕಟ್ಟೆಗೆ ಹೋಗುತ್ತದೆ. ನಾರಾಯಣಪುರದ ಕಾಲುವೆ ಪಕ್ಕ ಎಕರೆಗಟ್ಟಲೆ ಭತ್ತ, ಮೆಣಸಿನಕಾಯಿ, ಹತ್ತಿ ಬೆಳೆದು ಲಾರಿ ಹತ್ತಿಸುವ ಊರುಗಳಲ್ಲೇ ಅಪೌಷ್ಟಿಕ ಮಕ್ಕಳ ಪಟ್ಟಿ ಮಾಡುವ ಅಂಗನವಾಡಿ ಕಾರ್ಯಕರ್ತೆಯರನ್ನು ನಾವು ಕಂಡಿದ್ದೇವೆ. ನೀರು ಬಂದರೆ ಊಟ ಬರುತ್ತದೆ ಎಂದೇನಿಲ್ಲ.

ಸಣ್ಣ ತೋಟಗಳಲ್ಲಿ ಏನು ಬೆಳೆಯುತ್ತಾರೆ? ಗೋವಿನಜೋಳ, ಹುರುಳಿಕಾಯಿ, ಕುಂಬಳ. ಅಮೆರಿಕದ ಮೂಲನಿವಾಸಿಗಳು ಇವನ್ನು ಮೂವರು ಅಕ್ಕತಂಗಿಯರು ಎನ್ನುತ್ತಾರೆ. ಜೋಳದ ದಂಟಿಗೆ ಹುರುಳಿ ಬಳ್ಳಿ ಹಬ್ಬುತ್ತದೆ, ಹುರುಳಿ ಬೇರು ನೆಲಕ್ಕೆ ಸಾರಜನಕ ಕೊಡುತ್ತದೆ, ಕುಂಬಳದ ಅಗಲ ಎಲೆ ನೆಲ ಮುಚ್ಚಿ ತೇವ ಹಿಡಿಯುತ್ತದೆ. ನಮ್ಮ ಅಕ್ಕಡಿ ಸಾಲಿನ ಲೆಕ್ಕವೇ. ಈ ಮೂರರ ಮೂಲವೂ ಅಮೆರಿಕ ಖಂಡ. ನಮ್ಮ ಹೊಲದ ಗೋವಿನಜೋಳ ಹುಟ್ಟಿದ್ದೂ ಅಲ್ಲೇ. ಒಣ ಮರಳು ನೆಲದಲ್ಲಿ ಕೋಲಿನಿಂದ ಆಳ ಗುಣಿ ತೋಡಿ, ಒಂದೊಂದರಲ್ಲಿ ಹಲವು ಕಾಳು ಹಾಕಿ, ಗುಣಿಯಿಂದ ಗುಣಿಗೆ ದೂರ ಬಿಟ್ಟು ಊರುತ್ತಾರೆ. ಗಿಡ ಕುಳ್ಳಗೆ, ಬೇರು ಆಳಕ್ಕೆ.

ಜೋಳ ಅವರಿಗೆ ಬರೀ ಆಹಾರವಲ್ಲ. ಮೊದಲ ಗಂಡಸು ಮತ್ತು ಮೊದಲ ಹೆಂಗಸು ಬಿಳಿ ತೆನೆ, ಹಳದಿ ತೆನೆಯಿಂದ ಹುಟ್ಟಿದರು ಎಂಬುದು ಅವರ ಪುರಾಣ. ಬೆಳಗಿನ ಪ್ರಾರ್ಥನೆಗೆ ಜೋಳದ ಪರಾಗ ಬೇಕು. ಹುಡುಗಿ ಮೈನೆರೆದಾಗ ನಾಲ್ಕು ದಿನದ ಕಿನಾಲ್ಡಾ ಆಚರಣೆಯಲ್ಲಿ ಅವಳು ಜೋಳ ಬೀಸುತ್ತಾಳೆ, ನೆಲದಲ್ಲಿ ಗುಂಡಿ ತೋಡಿ ಬೆಂಕಿ ಮಾಡಿ ರಾತ್ರಿಯಿಡೀ ಬೇಯಿಸಿದ ದೊಡ್ಡ ಜೋಳದ ರೊಟ್ಟಿಯನ್ನು ಬೆಳಗ್ಗೆ ಎಲ್ಲರಿಗೂ ಹಂಚುತ್ತಾರೆ. ನೀಲಿ ಜೋಳದ ಹಿಟ್ಟಿನ ಅಂಬಲಿಗೆ ಜುನಿಪರ್ ಸೊಪ್ಪು ಸುಟ್ಟ ಬೂದಿ ಹಾಕುತ್ತಾರೆ. ಸಂಶೋಧಕರು ಅಳೆದು ನೋಡಿದರೆ ಒಂದು ಚಿಕ್ಕ ಚಮಚ ಬೂದಿಯಲ್ಲಿ ಹತ್ತಿರ ಹತ್ತಿರ ಒಂದು ಲೋಟ ಹಾಲಿನಷ್ಟು ಕ್ಯಾಲ್ಸಿಯಂ. ಹಾಲು ಕುಡಿದರೆ ಜೀರ್ಣವಾಗದ ಜನರು ಬಹಳ ಇರುವ ಕಡೆ ಅಜ್ಜಿಯರು ಕಂಡುಕೊಂಡ ದಾರಿ ಇದು. ಇದನ್ನೆಲ್ಲ ಬಿಟ್ಟು ಬರೀ ‘ತರಕಾರಿ ತಿನ್ನಿ’ ಎಂದು ಕರಪತ್ರ ಹಂಚಿದರೆ ಯಾರೂ ಕೇಳುವುದಿಲ್ಲ. ಅಲ್ಲಿ ತೋಟ ಮಾಡುವವರು ಆರೋಗ್ಯ ಎಂಬುದಕ್ಕೆ ಬಳಸುವ ಮಾತು ಹೋಜೋ. ಸಮತೋಲ, ಚೆಲುವು, ಎಲ್ಲದರ ಜೊತೆ ಸರಿಯಾಗಿ ಇರುವುದು, ಎಲ್ಲ ಸೇರಿದ ಮಾತು. ಪರಿಚಯ ಮಾಡಿಕೊಳ್ಳುವಾಗ ತಾಯಿಯ ಬೆಡಗು, ತಂದೆಯ ಬೆಡಗು, ಇಬ್ಬರೂ ಅಜ್ಜಂದಿರ ಬೆಡಗು ಹೇಳಿಯೇ ಮುಂದಿನ ಮಾತು. ಹಾಗಾಗಿ ಕುಟುಂಬದ ಆರೋಗ್ಯ ಎಂದರೆ ಗಂಡ ಹೆಂಡತಿ ಎರಡು ಮಕ್ಕಳಷ್ಟೇ ಅಲ್ಲ.

ಇಷ್ಟು ಬರೆದು ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯ ಯಶೋಗಾಥೆಯಾಗುತ್ತದೆ. ಆದರೆ 2015ರ ಆಗಸ್ಟ್ 5ರ ಕಥೆ ಹೇಳದೆ ನೀರಿನ ವಿಷಯ ಮುಗಿಯುವುದಿಲ್ಲ. ಅಂದು ಕೊಲರಾಡೋದ ಗೋಲ್ಡ್ ಕಿಂಗ್ ಎಂಬ ಹಳೆಯ ಗಣಿಯನ್ನು ಪರಿಶೀಲಿಸುತ್ತಿದ್ದ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಕೆಲಸಗಾರರ ಕೈಯಿಂದಲೇ ತಡೆ ಒಡೆದು 1 ಕೋಟಿ 10 ಲಕ್ಷ ಲೀಟರಿಗೂ ಹೆಚ್ಚು ಲೋಹ ಬೆರೆತ ನೀರು ಅನಿಮಾಸ್ ನದಿಗೆ ಬಿತ್ತು, ಅಲ್ಲಿಂದ ಸ್ಯಾನ್ ಹುವಾನ್‌ಗೆ ಬಂತು. ನದಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ತೆರಿಗೆ ಕಾನೂನು ಜಾರಿಗೆ ಬಂದು ನಾಲ್ಕು ತಿಂಗಳಷ್ಟೇ ಆಗಿತ್ತು, ತೆನೆ ಕಟ್ಟುವ ಹೊತ್ತು. ಶಿಪ್‌ರಾಕ್‌ನ ರೈತರು ಕಾಲುವೆ ಗೇಟು ಮುಚ್ಚಿದರು. ಆಮೇಲೆ ನೀರು ಸರಿಯಿದೆ ಎಂದು ಹೇಳಿದರೂ ಚಾಪ್ಟರ್ ಸಭೆಯಲ್ಲಿ ಮತ ಹಾಕಿ ಒಂದು ವರ್ಷ ಗೇಟು ಮುಚ್ಚಿಯೇ ಇಟ್ಟರು. ಬೆಳೆ ಒಣಗಿತು. ಬೆಳೆಯ ಜೊತೆ ಪ್ರಾರ್ಥನೆಯ ಪರಾಗವೂ.

ಇಲ್ಲಿ ಪತ್ರಕರ್ತರು ಗಮನಿಸಬೇಕಾದ ಒಂದು ಸಂಗತಿ ಇದೆ. ನದಿಯಿಂದ ಎಷ್ಟು ಅಪಾಯ ಎಂದು ಲೆಕ್ಕ ಹಾಕಲು ಸರ್ಕಾರಿ ಸಂಸ್ಥೆ ಬಳಸಿದ್ದು ಚಾರಣಿಗನ ಉದಾಹರಣೆ. ಬೆಟ್ಟ ಹತ್ತಲು ಬಂದವನು ಎಷ್ಟು ನೀರು ಕುಡಿದಾನು, ಎಷ್ಟು ಹೊತ್ತು ಮುಟ್ಟಿಯಾನು ಎಂದು. ಡಿನೆ ಜಲವಿಜ್ಞಾನಿ ಕಾರ್ಲೆಟ್ಟಾ ಚೀಫ್ ಮತ್ತು ಸಂಗಡಿಗರು ಊರವರನ್ನು ಕೇಳಿದಾಗ ನದಿಯ ಜೊತೆಗಿನ ಬಳಕೆ ನಲವತ್ತಕ್ಕೂ ಹೆಚ್ಚು ಬಗೆಯದು ಎಂದು ತಿಳಿಯಿತು. ಬೇಸಾಯ, ಕುರಿ, ಮೂಲಿಕೆ, ಮಣ್ಣು, ಪ್ರಾರ್ಥನೆ, ಮಕ್ಕಳ ಆಟ. ಚಾರಣಿಗನಿಗೆ ಅಂಗಳ ಇರುವುದಿಲ್ಲ. ಗೋಗಿಯ ಬಗ್ಗೆ ಮುಂದೆ ಯಾವ ವರದಿ ನಮ್ಮ ಕೈಗೆ ಬಂದರೂ ಅದರಲ್ಲಿ ‘ಬಳಕೆದಾರ’ ಎಂದರೆ ಯಾರು ಎಂದು ಮೊದಲು ನೋಡುತ್ತೇವೆ.

ಅವರ ಪತ್ರಿಕೆಯ ಬಗ್ಗೆ ಒಂದು ಮಾತು, ನಮ್ಮ ಕಸುಬಿನ ಮೋಹಕ್ಕೆ. ವಿಂಡೋ ರಾಕ್‌ನಿಂದ ಬರುವ ‘ನವಾಹೋ ಟೈಮ್ಸ್’ ಒಮ್ಮೆ ದಿನಪತ್ರಿಕೆಯಾಗಿತ್ತು. 1987ರಲ್ಲಿ ಆಗಿನ ಮುಖ್ಯಸ್ಥ ಪೀಟರ್ ಮ್ಯಾಕ್‌ಡೊನಾಲ್ಡ್ ಅದನ್ನು ಮುಚ್ಚಿಸಿದರು. ಮತ್ತೆ ವಾರಪತ್ರಿಕೆಯಾಗಿ ಎದ್ದು, ಮುಂದೆ ಸರ್ಕಾರದಿಂದ ಬೇರ್ಪಟ್ಟು ಸ್ವತಂತ್ರವಾಗಿ ನಡೆಯುತ್ತಿದೆ. ಕೆಟಿಎನ್‌ಎನ್ ಎಂಬ ರೇಡಿಯೊ 1986ರಿಂದ ಡಿನೆ ಭಾಷೆಯಲ್ಲಿ ಮಾತಾಡುತ್ತಿದೆ. 2020ರ ಮೇ ತಿಂಗಳಲ್ಲಿ ನವಾಹೋ ನಾಡಿನ ತಲಾವಾರು ಕೊರೊನಾ ಸೋಂಕು ನ್ಯೂಯಾರ್ಕ್ ರಾಜ್ಯವನ್ನೂ ಮೀರಿದಾಗ, ಕೈ ತೊಳೆಯಿರಿ ಎಂದರೆ ತೊಳೆಯಲು ನೀರಿಲ್ಲದ ಮನೆಗಳಿಗೆ ಸುದ್ದಿ ತಲುಪಿಸಿದವರು ಇಂಥವರೇ. ಅಂಗಡಿಗಳ ಮುಂದೆ ಸಾಲು, ವಾರಾಂತ್ಯ ಪೂರ್ತಿ ಕರ್ಫ್ಯೂ. ಆ ಬೇಸಿಗೆಯಲ್ಲಿ ಬಹಳ ಮನೆಗಳು ಮತ್ತೆ ಗುದ್ದಲಿ ಹಿಡಿದವು.

ಆದರೆ ನೀರಿನ ಹಕ್ಕು ಗುದ್ದಲಿಯಿಂದ ಬರುವುದಿಲ್ಲ. ಮೀಸಲು ನೆಲದ ಜೊತೆ ನೀರಿನ ಹಕ್ಕೂ ಇದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1908ರಲ್ಲೇ ಇನ್ನೊಂದು ಪ್ರಕರಣದಲ್ಲಿ ಹೇಳಿತ್ತು. ನವಾಹೋ ಜನ, ನಮಗೆ ಎಷ್ಟು ನೀರು ಬೇಕು ಎಂದಾದರೂ ಸರ್ಕಾರ ಲೆಕ್ಕ ಹಾಕಲಿ ಎಂದು ಕೇಳಿದಾಗ, 2023ರ ಜೂನ್ 22ರಂದು ಅದೇ ಕೋರ್ಟು 5-4ರಲ್ಲಿ, 1868ರ ಒಪ್ಪಂದ ಸರ್ಕಾರದ ಮೇಲೆ ಅಂಥ ಹೊಣೆ ಹಾಕಿಲ್ಲ ಎಂದಿತು. ಬೀಜ ಕೊಡುತ್ತೇವೆ ಎಂದು ಬರೆದ ಒಪ್ಪಂದ ಅದೇ. ಕುರಿಯನ್ನೂ ಬರೆದಿತ್ತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಗೋರ್ಸಚ್, ಇವರನ್ನು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಓಡಾಡಿಸಿದ್ದನ್ನು ಸರ್ಕಾರಿ ಕಚೇರಿಯಲ್ಲಿ ಸಾಲು ನಿಲ್ಲುವುದಕ್ಕೆ ಹೋಲಿಸಿದರು. 2024ರಲ್ಲಿ ಅರಿಜೋನಾ ಭಾಗದ ನೀರಿನ ಬಗ್ಗೆ ದೊಡ್ಡ ರಾಜಿ ಒಪ್ಪಂದಕ್ಕೆ ನವಾಹೋ ಶಾಸನಸಭೆ ಒಪ್ಪಿಗೆ ಕೊಟ್ಟಿದೆ. ಅದು ನಿಲ್ಲಬೇಕಾದರೆ ಅಮೆರಿಕದ ಸಂಸತ್ತು ಕಾನೂನು ಮಾಡಿ ಹಣ ಕೊಡಬೇಕು.

ಕಡಿದು ಹಾಕಿದ ಪೀಚ್ ಮರಗಳ ಸಂತತಿ ಅಲ್ಲಲ್ಲಿ ಕೊಳ್ಳಗಳಲ್ಲಿ ಉಳಿದಿತ್ತು. ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಕೃಷಿ ವಿಸ್ತರಣೆಯಲ್ಲಿರುವ ಡಿನೆ ಸಂಶೋಧಕಿಯೊಬ್ಬರು ಹಿರಿಯರನ್ನು ಕೇಳಿ, ಉಳಿದ ಮರಗಳನ್ನು ಹುಡುಕಿ, ಓಟೆ ಸಂಗ್ರಹಿಸಿ ಮತ್ತೆ ಬೆಳೆಸುತ್ತಿದ್ದಾರೆ. ಕಸಿ ಮಾಡಿದ್ದಲ್ಲ, ಬೀಜದಿಂದ ಬೆಳೆದದ್ದು. ಕಡಿಮೆ ನೀರಿಗೆ ಒಗ್ಗಿದ್ದು.

ನಮ್ಮವ್ವನಿಗೂ ಶುಗರ್. ಹತ್ತು ವರ್ಷವಾಯಿತು. ಮನೆಯ ಹಿಂದಿನ ಹಿತ್ತಲಲ್ಲಿ ಅವಳದೊಂದು ಕುಂಬಳಬಳ್ಳಿ, ನಾಲ್ಕು ಸಾಲು ಪುಂಡಿಪಲ್ಲೆ, ಒಂದು ಚವಳಿಕಾಯಿ ಗಿಡ. ಪಾತ್ರೆ ತೊಳೆದ ನೀರೇ ಅದಕ್ಕೆ ಆಸರೆ. ಈ ಬರಹ ಬರೆಯುವಾಗ ಅವಳಿಗೆ ಅಷ್ಟಷ್ಟು ಓದಿ ಹೇಳುತ್ತಿದ್ದೆವು. ಸುಪ್ರೀಂ ಕೋರ್ಟ್, ತೆರಿಗೆ, ಯಾವುದಕ್ಕೂ ಅವಳು ಹೂಂ ಅನ್ನಲಿಲ್ಲ.

“ಅವರು ಕುಂಬಳಬೀಜ ಯಾವಾಗ ಊರತಾರ?” ಎಂದು ಕೇಳಿದಳು.

ಅದನ್ನೂ ಓದಿದ್ದೆವು. ಡಿಲ್ಯೆಹೆ ಎಂದು ಅವರು ಕರೆಯುವ ನಕ್ಷತ್ರಗುಚ್ಛ ಮೇ ತಿಂಗಳಲ್ಲಿ ಸಂಜೆಯ ಆಕಾಶದಿಂದ ಮರೆಯಾಗುತ್ತದೆ, ಜೂನ್ ಕೊನೆಯ ಹೊತ್ತಿಗೆ ಬೆಳಗಿನ ಜಾವ ಮತ್ತೆ ಕಾಣುತ್ತದೆ. ಆ ನಡುವೆ ಬಿತ್ತನೆ ಮುಗಿಸಬೇಕು. ನೀನು ಬೀಜ ಊರುವುದನ್ನು ಡಿಲ್ಯೆಹೆ ನೋಡಬಾರದು ಎಂದು ಹಿರಿಯರು ಹೇಳುತ್ತಾರೆ. ಡಿಲ್ಯೆಹೆ ಅಂದರೆ ನಮ್ಮ ಕೃತ್ತಿಕೆ.

“ಮತ್ತ ನಮ್ಮಂಗ ಆತಲ್ಲ,” ಅಂದಳು ಅವ್ವ. “ಕೃತ್ತಿಕಾ ಹೋಗಿ ರೋಹಿಣಿ ಮಳಿಗೆ. ಆದ್ರ ಮಳಿನೇ ಇಲ್ಲಂತೀರಿ, ನೀರು ಎಷ್ಟು ದೂರದಿಂದ ಹೊರ್ತಾರ ಅವರು?”